ಕೆಟ್ಟ ಕಣ್ಣಿಗೆ ಇಂಗ್ಲಿಷ್ ಬರುತ್ತಿರಲಿಲ್ಲ

ಮೊನ್ನೆ ಸಂಜೆ ಸಿಂಧನೂರಿನ ನಮ್ಮ ಓಣಿಯಲ್ಲಿ ಯಾರೋ ಕೆಂಡಕ್ಕೆ ಒಣಮೆಣಸಿನಕಾಯಿ ಹಾಕಿದರು. ಘಾಟು ಕಿಟಕಿಯಿಂದ ಒಳಗೆ ಬಂದು ಗಂಟಲು ಹಿಡಿಯಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ನೋಡಿದರೆ ಪಕ್ಕದ ಮನೆಯ ಬಾಣಂತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಗುತ್ತಿದ್ದಳು. "ಘಾಟು ಬಂತ್ರೀ ಮೇಡಂ! ನನ್ನ ಕೂಸಿಗೆ ಯಾರ ಕಣ್ಣೂ ಬಿದ್ದಿಲ್ಲ ನೋಡ್ರಿ" ಎಂದಳು. ನಮ್ಮ ಕಡೆಯ ಈ ಲೆಕ್ಕ ನಿಮಗೂ ಗೊತ್ತಿರಬಹುದು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಎಸೆದಾಗ ಘಾಟು ಬಾರದಿದ್ದರೆ ದೃಷ್ಟಿ ಆಗಿದೆ ಎಂದರ್ಥ, ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲ ಎಂದರ್ಥ. ಕೆಮ್ಮಿದವರು ಖುಷಿಪಡಬೇಕು. ನಾನು ಆಕೆಗೆ "ಒಳ್ಳೇದಾತವ್ವ" ಎಂದು ಹೇಳಿ ಒಳಗೆ ಬಂದು ಕಿಟಕಿ ಮುಚ್ಚಿದೆ. ಆದರೆ ಒಳಗೆ ಹೊಕ್ಕ ಘಾಟು ಹೊರಗೆ ಹೋಗುವುದೆಲ್ಲಿಗೆ? ರಾತ್ರಿ ಊಟಕ್ಕೆ ಕೂತಾಗಲೂ ಅದು ಅಲ್ಲೇ ಇತ್ತು, ಮತ್ತು ಅದರ ಜೊತೆಗೆ ಮಸ್ಕಿಯ ನಮ್ಮ ಮನೆಯೂ ಬಂದು ಎದುರಿಗೆ ಕೂತಿತ್ತು.

ಮಸ್ಕಿಯಲ್ಲಿ ನಮ್ಮದು ಗಿರಣಿ ಮನೆ. ರಸ್ತೆಗೆ ಮುಖ ಮಾಡಿ ಅಪ್ಪನ ಹಿಟ್ಟಿನ ಗಿರಣಿ, ಅದರ ಬೆನ್ನಿಗೆ ಅಂಟಿಕೊಂಡು ನಾವಿದ್ದ ಮನೆ, ಅದರಾಚೆಗೆ ಗುಡ್ಡ. ಆಗತಾನೇ ಬೀಸಿದ ಬಿಸಿ ಜೋಳದ ಹಿಟ್ಟಿನ ವಾಸನೆಯಲ್ಲಿ ನಾವು ಏಳುತ್ತಿದ್ದೆವು, ಅದೇ ವಾಸನೆಯಲ್ಲಿ ಮಲಗುತ್ತಿದ್ದೆವು. ಹಿಟ್ಟಿನ ಧೂಳು ಜಗಲಿಯ ದೇವರ ಮೇಲೂ ಹಾಲಿನ ಗಡಿಗೆಯ ಮುಚ್ಚಳದ ಮೇಲೂ ನಮ್ಮ ಕಣ್ಣುರೆಪ್ಪೆಯ ಮೇಲೂ ಭೇದವಿಲ್ಲದೆ ಕೂರುತ್ತಿತ್ತು. ಗಿರಣಿ ನಡೆಯುವಾಗ ಮನೆಯೊಳಗೆ ಉಪ್ಪು ಕೇಳುವುದಕ್ಕೂ ಒದರಬೇಕು. ನನ್ನ ಗಂಟಲು ಇವತ್ತಿಗೂ ಹಾಗೇ ಉಳಿದಿದೆ. ಕಾಲೇಜಿನಲ್ಲಿ ನನ್ನ ಇಂಗ್ಲಿಷ್ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದ ಭೂಪ ಇನ್ನೂ ಹುಟ್ಟಿಲ್ಲ.

ಆ ಮನೆ ನಡೆಯುತ್ತಿದ್ದುದು ಅಪ್ಪನ ತಾಯಿಯ ಮಾತಿನ ಮೇಲೆ. ಆಕೆಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಹುಟ್ಟಿದ ಕೂಸುಗಳು ಕೈಗೆ ಹತ್ತಿರಲಿಲ್ಲ. ಕಡೆಗೆ ಅಪ್ಪ ಹುಟ್ಟಿದಾಗ ತಿಪ್ಪೆಯಲ್ಲಿ ಹೊರಳಾಡಿಸಿ ತಿಪ್ಪಣ್ಣ ಎಂದು ಹೆಸರಿಟ್ಟಳು; ಕಸದಂಥದ್ದನ್ನು ಯಾರು ಬೇಡುತ್ತಾರೆ, ಹಾಗಾಗಿ ಅಪ್ಪ ಉಳಿದ. ಎಷ್ಟೋ ವರ್ಷದ ಮೇಲೆ ಹುಟ್ಟಿದ ಅಪ್ಪನ ತಂಗಿ ಗೌರಿಯೂ ಉಳಿದಳು. ಆಗ ಅಜ್ಜ ಒಂದು ಸುಗ್ಗಿಯಲ್ಲಿ ಕಣದ ನಡುವೆ ನಿಂತು, "ನನ್ನಷ್ಟು ಸುಖಿ ಈ ಊರಾಗ ಯಾವನದಾನಲೇ!" ಎಂದು ಗಟ್ಟಿಯಾಗಿ ಅಂದನಂತೆ. ಮುಂದಿನ ಸುಗ್ಗಿಗೆ ಅಜ್ಜ ಇರಲಿಲ್ಲ. ಹಾವು ಕಚ್ಚಿದ್ದು ಕಾಲಿಗೆ, ಆದರೆ ಆಯಿಯ ಪ್ರಕಾರ ತಪ್ಪು ಬಾಯಿಯದು. ಅಂದಿನಿಂದ ನಮ್ಮ ಮನೆಯಲ್ಲಿ ಸಂತೋಷವನ್ನು ಬಾಯಿಬಿಟ್ಟು ಹೇಳುವುದು ಬಂದ್. "ಆರಾಮದೀರೇನು?" ಎಂದು ಯಾರಾದರೂ ಕೇಳಿದರೆ "ಹಂಗಾ ನಡದೈತ್ರಿ" ಎನ್ನಬೇಕು. ಹಬ್ಬಕ್ಕೆ ಹೊಸ ಲಂಗ ಹಾಕಿಕೊಂಡು "ಭಾರೀ ಚಲೋ ಐತಿ" ಎಂದರೆ ಆಯಿಯ ಅಂಗೈ ಬಂದು ನನ್ನ ಬಾಯಿ ಮುಚ್ಚುತ್ತಿತ್ತು. ಆ ಅಂಗೈಯ ಬೆಳ್ಳುಳ್ಳಿ ವಾಸನೆ, ಅದರ ಒರಟು ಗೆರೆಗಳು ನನ್ನ ತುಟಿಗೆ ಇನ್ನೂ ನೆನಪಿವೆ. ಸ್ವರ್ಗಕ್ಕೆ ಮೂರೇ ಗೇಣು, ಹಾಲು ಕುಡಿದಷ್ಟು ಹಿಗ್ಗು, ಕಾಲು ನೆಲಕ್ಕೆ ಹತ್ತಲಿಲ್ಲ ಅನ್ನುವಂಥವೆಲ್ಲ ಬೇರೆ ಮನೆಯವರ ಮಾತುಗಳು. ಪ್ರತಿ ಅಮಾವಾಸ್ಯೆಗೆ ಆಯಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಮೆಣಸಿನಕಾಯಿ ನಿವಾಳಿಸಿ ಸುಡುತ್ತಿದ್ದಳು. ಅದೇನು ಮಾಯೆಯೋ, ಆಕೆಯ ಒಲೆಯಿಂದ ಘಾಟು ಬರುತ್ತಲೇ ಇರಲಿಲ್ಲ. "ನೋಡಿದ್ರ್ಯಾ? ಕಣ್ಣು ಬಿದ್ದೈತಿ" ಎಂದು, ಅದು ಯಾರ ಕಣ್ಣು ಎಂದು ಓಣಿಯ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಣೆಗೆ ಎಳೆಯುತ್ತಿದ್ದಳು.

ಇಂಥ ಮನೆಯಲ್ಲಿ ಗೌರತ್ತಿಯಂಥವಳು ಹುಟ್ಟಬಾರದಿತ್ತು. ಅಪ್ಪನ ತಂಗಿ ಆಕೆ, ನನಗೆ ಅತ್ತಿ, ಆದರೆ ನನಗೂ ಆಕೆಗೂ ಬಹಳ ವಯಸ್ಸಿನ ಅಂತರವಿರಲಿಲ್ಲ. ಒಂದೇ ಕೌದಿಯೊಳಗೆ ಮಲಗುತ್ತಿದ್ದೆವು. ಸಣ್ಣದಕ್ಕೂ ನಗು. ಬೆಕ್ಕು ಸೀನಿದರೆ ನಗು, ಅಪ್ಪ ಹಿಟ್ಟಿನ ಮೀಸೆಯಲ್ಲಿ ಊಟಕ್ಕೆ ಬಂದರೆ ನಗು. ನಗು ಬಂದಾಗಲೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡುತ್ತಿದ್ದಳು, ಅಲ್ಲಿ ಬೇವಿನ ಗಿಡ ಹಿಡಿದುಕೊಂಡು ನಕ್ಕು ಮುಗಿಸಿ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಬರುತ್ತಿದ್ದಳು. ಹತ್ತನೆಯ ಇಯತ್ತೆಯಲ್ಲಿ ಎಲ್ಲ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದಳು. ಗೋಡೆಯಾಚೆಯ ಮನೆಯಲ್ಲಿದ್ದ ಖಾದರ್ ಮಾಸ್ತರರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಅಪ್ಪ ಅವರಿಗೆ ಹೇಳಿ ಸಂಜೆಯ ಪಾಠ ಹಚ್ಚಿದ. ಮಾಸ್ತರರು ನಮ್ಮ ಪಡಸಾಲೆಯಲ್ಲೇ ಬಂದು ಕೂತು ಹೇಳಿಕೊಡುತ್ತಿದ್ದರು, ನಾನು ಅತ್ತಿಯ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ವ್ಯಾಕರಣಕ್ಕಿಂತ ಅವರಿಗೆ ನುಡಿಗಟ್ಟುಗಳ ಹುಚ್ಚು ಜಾಸ್ತಿ. ಅದರಲ್ಲೂ ಸಂತೋಷದ ನುಡಿಗಟ್ಟು ಹೇಳುವಾಗ ಟೋಪಿ ಹಿಂದಕ್ಕೆ ಸರಿಸಿ ಕೈ ಮೇಲೆತ್ತುತ್ತಿದ್ದರು. "ಓವರ್ ದಿ ಮೂನ್, ಚಂದ್ರನ ಮ್ಯಾಲೆ! ಆನ್ ಕ್ಲೌಡ್ ನೈನ್, ಒಂಬತ್ತನೇ ಮೋಡದ ಮ್ಯಾಲೆ! ವಾಕಿಂಗ್ ಆನ್ ಏರ್, ಗಾಳಿ ಮ್ಯಾಲೆ ನಡದಾಡೋದು!" ಜೋಳ ಹಸನು ಮಾಡುತ್ತ ಕೂತಿದ್ದ ಆಯಿ ಮೊರ ಕೆಳಗಿಟ್ಟು, "ಇವ್ರ ಸಂತೋಷ ಎಲ್ಲಾ ಆಕಾಶದಾಗ ಐತಲ್ಲೋ ಖಾದರಾ, ನೆಲದ ಮ್ಯಾಲೆ ಒಂದೂ ಇಲ್ಲೇನು?" ಎಂದು ಕೇಳಿದ್ದಳು.

ಫಲಿತಾಂಶ ಬಂದ ದಿನ ಅತ್ತಿ ಶಾಲೆಯಿಂದ ಓಡುತ್ತ ಬಂದಳು. ಹೊಸ್ತಿಲು ದಾಟಿ ಬಾಯಿ ತೆರೆಯುವಷ್ಟರಲ್ಲಿ ಆಯಿಯ ಅಂಗೈ ಎದ್ದಿತ್ತು. ಅತ್ತಿ ಗಕ್ಕನೆ ನಿಂತಳು. ಮುಖ ಕೆಂಪಾಗಿ, ಉಸಿರು ಕಟ್ಟಿ, ಕಣ್ಣಲ್ಲಿ ನೀರು ಬಂದವು. ಆಮೇಲೆ ಒಮ್ಮೆಲೇ, "ಐ ಆಮ್ ಓವರ್ ದಿ ಮೂನ್!" ಎಂದು ಚೀರಿದಳು. ಗೋಡೆಯಾಚೆಯಿಂದ ಖಾದರ್ ಮಾಸ್ತರರ "ಶಾಬಾಸ್!" ಕೇಳಿಸಿತು. ಆಯಿ ಎತ್ತಿದ ಕೈ ಹಾಗೇ ಹಿಡಿದು ಬಹಳ ಹೊತ್ತು ಯೋಚನೆ ಮಾಡಿದಳು. ನನಗೀಗ ಅನ್ನಿಸುತ್ತದೆ, ಆ ಮನೆಯ ಕಾನೂನು ಬದಲಾದದ್ದು ಆ ಯೋಚನೆಯಲ್ಲಿ. "ಕಣ್ಣಿಗೆ ಕನ್ನಡ ಗೊತ್ತೈತಿ" ಎಂದಳು ಆಯಿ ನಿಧಾನಕ್ಕೆ. "ಉರ್ದು ನಿಜಾಮನ ಕಾಲಕ್ಕ ಕಲತೈತಿ. ತೆಲುಗು, ಕಾಲುವಿ ನೀರಿಗೆ ಆಂಧ್ರದಿಂದ ಈ ಕ್ಯಾಂಪಿನ ಮಂದಿ ಬಂದ ಮ್ಯಾಲೆ ಕಲತೈತಿ. ಆದ್ರ ಬಿಳಿ ಮಂದಿ ನಮ್ಮ ಕಡೆ ಯಾವಾಗ ಬಂದಿದ್ರು? ಇಂಗ್ಲಿಷ್ ಅದಕ್ಕ ಬರಂಗಿಲ್ಲ." ಅತ್ತಿ ಆಯಿಯ ಕೊರಳಿಗೆ ಜೋತುಬಿದ್ದಳು. "ಹಂಗಂದ್ರ ಇಂಗ್ಲಿಷಿನಾಗ ಅನ್ನಬಹುದೇನಬೇ?" "ಅನ್ನು. ಸಣ್ಣಗ ಅನ್ನು" ಎಂದಳು ಆಯಿ.

ನಗಬೇಡಿ. ನಿಮ್ಮ ಮನೆಯ ಹಿರಿಯರೂ ಇಂಥದೊಂದು ಕಳ್ಳದಾರಿ ಮಾಡಿಕೊಂಡೇ ಬದುಕಿರುತ್ತಾರೆ. ಅಂದಿನಿಂದ ನಮ್ಮ ಮನೆಗೆ ಹೊಸ ನಾಲಿಗೆ ಬಂದಂತಾಯಿತು. ಇಂಗ್ಲಿಷಿನ ಗಂಧಗಾಳಿ ಇಲ್ಲದ ನನ್ನ ಅವ್ವ ಎಮ್ಮೆ ಹೆಣ್ಣುಗರು ಹಾಕಿದ ದಿನ "ಕೌಡ್ ನೈನ್" ಅಂದಳು. ಅಪ್ಪ ಗಿರಣಿಗೆ ಹೊಸ ಪಟ್ಟಾ ಹಾಕಿಸಿ ಅದು ಸರಸರ ತಿರುಗಿದಾಗ "ವಾಕಿಂಗ್ ಏರ್ ಲೇ!" ಎಂದು ಒದರಿದ. ಆಯಿಗೂ ಒಂದು ಬೇಕೆನ್ನಿಸಿತು. ಮಾಸ್ತರರು "ಸೆವೆಂತ್ ಹೆವನ್ ಅನ್ರಮ್ಮ, ಏಳನೇ ಆಸ್ಮಾನ್. ನಮ್ಮ ಉರ್ದುನಾಗೂ ಸಾತ್ವೇ ಆಸ್ಮಾನ್ ಪರ್ ಅಂತಾರ" ಎಂದರು. ಆಯಿ ಎರಡೂ ಕೈ ಅಲ್ಲಾಡಿಸಿದಳು. "ಅದು ಬ್ಯಾಡ. ಉರ್ದು ಬರೋ ಕಣ್ಣು, ಗುರ್ತು ಹಿಡೀತೈತಿ." ಹಾಗೆ ಒಂದೊಂದನ್ನೇ ಬೇಡವೆಂದು ತಳ್ಳಿ ಕಡೆಗೆ ಆಕೆ ಮೆಚ್ಚಿದ್ದು, ಎರಡು ಬಾಲವಿರುವ ನಾಯಿಯಷ್ಟು ಖುಷಿ ಅನ್ನುವ ನುಡಿಗಟ್ಟನ್ನು. "ಲೈಕ್ ಎ ಡಾಗ್ ವಿತ್ ಟೂ ಟೇಲ್ಸ್" ಎಂದು ಮಾಸ್ತರರು ಹೇಳಿ ಅರ್ಥ ಬಿಡಿಸಿದಾಗ ಆಯಿಯ ಮುಖ ಅರಳಿತು. ನಾಯಿಯನ್ನು ಕಂಡು ಯಾರು ಹೊಟ್ಟೆಕಿಚ್ಚುಪಡುತ್ತಾರೆ? ತಿಪ್ಪಣ್ಣ ಅನ್ನುವ ಹೆಸರಿನಷ್ಟೇ ಭದ್ರವಾದ ಮಾತು ಅದು. ಅಲ್ಲಿಂದ ಮುಂದೆ ಆಯಿಗೆ ರೊಟ್ಟಿ ಚೆನ್ನಾಗಿ ಉಬ್ಬಿದರೂ "ಟೂಟೇಲ್", ಮಳೆ ಬಂದರೂ "ಟೂಟೇಲ್". ಆ ಕೆಲವು ವರ್ಷ ನಮ್ಮ ಮನೆಯಲ್ಲಿ ನಿಜವಾಗಿ ಸಂತೋಷವಿತ್ತು. ಇದನ್ನು ಕನ್ನಡದಲ್ಲಿ ಬರೆಯುವಾಗ ಇವತ್ತಿಗೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಗೌರತ್ತಿಯನ್ನು ಸಾಲಗುಂದಕ್ಕೆ ಕೊಟ್ಟರು. ಕಾಲುವೆ ನೀರಿನ ಊರು. ಜೋಳ ಉಂಡು ಬೆಳೆದ ನಮಗೆ ಅಲ್ಲಿಯ ಭತ್ತದ ಗದ್ದೆಗಳ ಹಸಿರು ನೋಡಿಯೇ ಅನುಮಾನ ಬರುತ್ತಿತ್ತು. ಅತ್ತಿಯ ಗಂಡ, ನನ್ನ ಮಾವ, ಒಳ್ಳೆಯ ಮನುಷ್ಯ, ಮಾತು ಕಡಿಮೆ. ಕಳಿಸಿಕೊಡುವಾಗ ಎಲ್ಲರೂ ಅಳುತ್ತಿದ್ದರೆ ಅತ್ತಿ ನನ್ನನ್ನು ಅಪ್ಪಿಕೊಂಡು ಕಿವಿಯಲ್ಲಿ "ವಾಕಿಂಗ್ ಆನ್ ಏರ್" ಎಂದು ಉಸುರಿ, ಮತ್ತೆ ಎಲ್ಲರ ಜೊತೆ ಅಳತೊಡಗಿದಳು. ಆದರೆ ಆಕೆಯ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯ ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಪ್ರತಿ ಸಲವೂ ಆಯಿ ಸಾಲಗುಂದಕ್ಕೆ ಹೋಗಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಯಾರ ಮುಂದರ ಬಾಯಿಬಿಟ್ಟು ಅಂದಿದ್ದೇನವ್ವಾ?" ಅತ್ತಿ ಗೋಡೆಗೆ ಮುಖ ಮಾಡಿ, "ಇಲ್ಲಬೇ. ಇಂಗ್ಲಿಷಿನಾಗೂ ಅಂದಿಲ್ಲ" ಎನ್ನುತ್ತಿದ್ದಳು. ಆಕೆಗೆ ಬೇಕಿದ್ದುದು ಒಂದು ಕೂಸು, ಅದೊಂದೇ. ಗಂಡನ ಮನೆಯಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ, ಅದೇ ಆಕೆಗೆ ತಡೆಯಲಾಗದ ಸಂಗತಿಯಾಗಿತ್ತು.

ತೊಂಬತ್ತರ ದಶಕ ಶುರುವಾಗಿತ್ತು, ಮೂರನೆಯ ಸಲ ಬಸಿರಾದಾಗ. ಹೊಟ್ಟೆ ಹೊರಗೆ ಕಾಣುವ ಮೊದಲೇ ಆಯಿ ಆಕೆಯನ್ನು ಮಸ್ಕಿಗೆ ಕರೆತಂದು ಒಳಕೋಣೆಯಲ್ಲಿ ಇಟ್ಟಳು. ಓಣಿಗೆ "ಗೌರಿಗೆ ಜ್ವರ, ಸುಧಾರಿಸಾಕ ಬಂದಾಳ" ಎಂದು ಹೇಳಲಾಯಿತು. ಕುಬಸದ, ಅಂದರೆ ಸೀಮಂತದ ಹೊತ್ತು ಬಂತು. ಹಸಿರು ಸೀರೆ, ಹಸಿರು ಬಳೆ, ಹೆಂಗಸರ ಹಾಡು ಇಲ್ಲದೆ ಬಸುರಿಯ ಕುಬಸ ಹೇಗಾಗುತ್ತದೆ? ಹಾಡಿದರೆ ಓಣಿಗೆ ಕೇಳುತ್ತದೆ. ಆಯಿ ಅದಕ್ಕೂ ದಾರಿ ಹುಡುಕಿದಳು. ಬಾಗಿಲು ಹಾಕಿ ಅಪ್ಪನಿಗೆ ಗಿರಣಿ ಚಾಲೂ ಮಾಡು ಅಂದಳು. ಆ ಮಧ್ಯಾಹ್ನ ಅಪ್ಪ ಮನೆಯ ಜೋಳದ ಚೀಲಗಳನ್ನೆಲ್ಲ ಬೀಸಿದ. ಆ ಸದ್ದಿನ ಮರೆಯಲ್ಲಿ ಅವ್ವ, ಆಯಿ, ನಾನು ಗಂಟಲು ಹರಿಯುವಂತೆ ಸೋಬಾನ ಹಾಡಿದೆವು. ನಮ್ಮ ಹಾಡು ನಮಗೇ ಕೇಳಿಸುತ್ತಿರಲಿಲ್ಲ. ಹಸಿರು ಸೀರೆಯ ಮೇಲೆ, ಹೂವಿನ ದಂಡೆ ಮುಡಿದ ಕೂದಲ ಮೇಲೆ ಹಿಟ್ಟಿನ ಧೂಳು ಇಳಿಯುತ್ತಿತ್ತು. ಅತ್ತಿ ಆಯಿಯ ಕಿವಿಗೆ ಬಾಯಿ ಹಚ್ಚಿ, "ಯವ್ವಾ, ಈಗರ ಅನ್ನಲೇನಬೇ?" ಎಂದು ಕೂಗಿದಳು. ಆಯಿ ಗಿರಣಿಯ ಕಡೆ ನೋಡಿದಳು, ಮಗಳ ಕಡೆ ನೋಡಿದಳು, ತಲೆಯಾಡಿಸಿದಳು. ಅತ್ತಿ ಎದ್ದು ನಿಂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಖಾದರ್ ಮಾಸ್ತರರು ಕಲಿಸಿದ್ದನ್ನೆಲ್ಲ ಒಂದಾದ ಮೇಲೊಂದು ಕೂಗಿದಳು. ಚಂದ್ರ, ಮೋಡ, ಗಾಳಿ ಎಲ್ಲ ಬಂದವು. ಆಯಿಯೂ ತಡೆಯಲಾರದೆ "ಟೂಟೇಲ್! ಟೂಟೇಲ್!" ಎಂದು ಚಪ್ಪಾಳೆ ತಟ್ಟಿದಳು. ಆಯಿ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ತುಂಬಿದ ಕೋಣೆಯನ್ನು ಆಮೇಲೆಯೂ ನೋಡಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತಿ ತುಂಬಿಕೊಂಡಳು. ಮುಖ ದುಂಡಗಾಯಿತು, ಕೆನ್ನೆ ಮಿರಿಮಿರಿ ಮಿಂಚಿತು, ಬಳೆಗಳು ಮೊಣಕೈ ಕಡೆ ಸರಿಯಲೊಲ್ಲದೆ ಹಿಡಿದುಕೊಂಡವು, ಕಾಲುಂಗುರ ಬೆರಳಲ್ಲಿ ಹೂತುಹೋಯಿತು. ಆಯಿ ಅದನ್ನು ನೋಡಿ ನೋಡಿ ಒಳಗೊಳಗೇ ಹಿಗ್ಗಿದಳು. "ಮೈಕೈ ತುಂಬ್ಯಾಳ ನನ್ನ ಮಗಳು. ಗಂಡು ಕೂಸೇ ಇರಬೇಕು" ಎಂದು ನನ್ನ ಅವ್ವನ ಕಿವಿಯಲ್ಲಿ ಹೇಳಿದಳು. ತಲೆ ನೋಯುತ್ತದೆ, ಕಣ್ಣ ಮುಂದೆ ಚುಕ್ಕಿ ಕಾಣುತ್ತವೆ ಎಂದು ಅತ್ತಿ ಹೇಳಿದಾಗ ಕಣ್ಣಿಗೆ ಹರಳೆಣ್ಣೆ ಹಚ್ಚಿದರು. ಬಸುರಿಯರ ಹೆಸರು ಬರೆದುಕೊಳ್ಳಲು ದವಾಖಾನೆಯ ನರ್ಸಮ್ಮ ಮನೆಮನೆಗೆ ಬರುತ್ತಿದ್ದಳು. ನಮ್ಮ ಬಾಗಿಲಿಗೂ ಬಂದಳು. "ನಿಮ್ಮ ಮನ್ಯಾಗ ಯಾರರ ಬಸುರಿ ಅದಾರೇನಮ್ಮ? ಬಿ.ಪಿ. ನೋಡ್ತೀನಿ, ಸೂಜಿ ಹಾಕ್ತೀನಿ" ಎಂದು ಕೇಳಿದಳು. ಆಯಿ ಹೊಸ್ತಿಲಿಗೆ ಅಡ್ಡ ನಿಂತು, "ನಮ್ಮನ್ಯಾಗ ಯಾರೂ ಇಲ್ಲವ್ವ. ನಮಗೆಲ್ಲಿ ಆ ಭಾಗ್ಯ?" ಎಂದಳು. ನರ್ಸಮ್ಮ ಪಾಪ ಮುಂದಿನ ಮನೆಗೆ ಹೋದಳು. ಆಯಿ ಒಳಗೆ ಬಂದು ನಿಟ್ಟುಸಿರು ಬಿಟ್ಟು, ಕಣ್ಣಿನಿಂದ ಮಗಳನ್ನು ಇನ್ನೊಂದು ದಿನ ಉಳಿಸಿದ ಸಮಾಧಾನದಲ್ಲಿ ಎಲೆ ಅಡಿಕೆ ಹಾಕಿಕೊಂಡಳು.

ನಡುಮಧ್ಯಾಹ್ನ, ಗಿರಣಿ ನಡೆಯುತ್ತಿರುವಾಗ, ಒಳಕೋಣೆಯಲ್ಲಿ ಅತ್ತಿಗೆ ಫಿಟ್ಸ್ ಬಂತು. ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಅವ್ವ ಮಜ್ಜಿಗೆ ಕೊಡಲು ಹೋದವಳು ನೋಡಿದಳು. ಖಾದರ್ ಮಾಸ್ತರರು ಓಡಿಹೋಗಿ ಜೀಪು ತಂದರು. ಲಿಂಗಸುಗೂರಿನ ದಾರಿಯುದ್ದಕ್ಕೂ ಅತ್ತಿಯ ತಲೆ ಆಯಿಯ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ಆ ಕಾಲನ್ನು ಒತ್ತಿ ಹಿಡಿದಲ್ಲೆಲ್ಲ ನನ್ನ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು, ಮೇಲಕ್ಕೆ ಏಳುತ್ತಿರಲಿಲ್ಲ. ದವಾಖಾನೆ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಮುಳುಗುವ ಮೊದಲು ಎರಡೂ ಜೀವ ಹೋದವು. ಹೊರಗೆ ಬಂದ ಡಾಕ್ಟರಮ್ಮ ಸಿಟ್ಟಿಗಿಂತ ಹೆಚ್ಚಾಗಿ ಸಂಕಟದಲ್ಲಿ ಕೇಳಿದಳು. "ಮುಖ ಬಾತೈತಿ, ಕೈಕಾಲು ಬಾತಾವು. ಇಷ್ಟು ದಿನ ಯಾರೂ ನೋಡ್ಲಿಲ್ಲೇನಮ್ಮ? ಒಂದ್ ಸಲ ಬಿ.ಪಿ. ತೋರ್ಸಿದ್ರ ಉಳೀತಿದ್ಲು." "ಬಾತಿದ್ದೇನವ್ವಾ ಅದು?" ಎಂದಳು ಆಯಿ. "ನಾ ಮೈ ತುಂಬೈತಿ ಅಂದ್ಕೊಂಡಿದ್ದೆ."

ಮಣ್ಣು ಮಾಡಿ ಬಂದ ಮೇಲೆ ಮಾವ ಸಾಲಗುಂದಕ್ಕೆ ಹೋದ, ಬಳಗದವರೂ ಹೋದರು. ಗಿರಣಿ ನಿಂತಿತ್ತು. ಒಂದು ಸಂಜೆ ಆಯಿ ಅತ್ತಿಯ ಹಸಿರು ಸೀರೆ ತಂದು ನೆಲದ ಮೇಲೆ ಹಾಸಿ, ಅದರ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಯಾರ ಕಣ್ಣು ಎಂದು ಆಕೆಗೆ ಗೊತ್ತಾಗಲೇಬೇಕಿತ್ತು. ಯಾರದೋ ಒಬ್ಬರದು ಎಂದಾಗಿದ್ದರೆ ಅವರನ್ನು ಬೈದು, ಶಾಪ ಹಾಕಿ, ಹೇಗೋ ಬದುಕಿಕೊಳ್ಳುತ್ತಿದ್ದಳು. ಒಲೆಗೆ ಎಸೆದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಘಾಟು ಎದ್ದಿತು. ಆಯಿಯ ಒಲೆಯಿಂದ ಎಂದೂ ಏಳದ ಘಾಟು ಅಡುಗೆಮನೆ, ಒಳಕೋಣೆ, ಪಡಸಾಲೆ ಎಲ್ಲ ತುಂಬಿತು. ಅಪ್ಪ ಕೆಮ್ಮಿದ, ಅವ್ವ ಕೆಮ್ಮಿದಳು, ನಾನು ಹಿತ್ತಲಿಗೆ ಓಡಿ ಬೇವಿನ ಗಿಡ ಹಿಡಿದು ಕೆಮ್ಮಿದೆ. ಆಯಿ ಮಾತ್ರ ಒಲೆಯ ಮುಂದೆಯೇ ಕೂತು ಕೆಮ್ಮುತ್ತಿದ್ದಳು, ಎದ್ದು ಬರಲಿಲ್ಲ. ನಾನು ಒಳಗೆ ಹೋದಾಗ ಕಣ್ಣು ಮೂಗಿನಿಂದ ನೀರು ಸುರಿಯುತ್ತಿದ್ದ ಮುಖವೆತ್ತಿ, "ಯಾರ ಕಣ್ಣೂ ಇದ್ದಿಲ್ಲಲ್ಲೇ" ಎಂದಳು. ಆಮೇಲೆ ಆಕೆ ಮೆಣಸಿನಕಾಯಿ ಸುಡಲಿಲ್ಲ, ಯಾರ ಬಾಯಿಯನ್ನೂ ಮುಚ್ಚಲಿಲ್ಲ. ಖಾದರ್ ಮಾಸ್ತರರು ವರ್ಗವಾಗಿ ಹೋಗುವಾಗ ಹೇಳಿಹೋಗಲು ಬಂದವರು ಪಡಸಾಲೆಯಲ್ಲಿ ನಿಂತು, ಟೋಪಿ ಸರಿಮಾಡಿಕೊಂಡು ಹೊರಟುಹೋದರು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ರಸ್ತೆಯ ಮೇಲಿವೆ. ಅತ್ತಿ ಬದುಕಿದ್ದು, ಸತ್ತದ್ದು ಎಲ್ಲ ಆ ರಸ್ತೆಯ ಆಚೀಚೆ. ಈಗಲೂ ಬಸ್ಸಿನಲ್ಲಿ ಹೋಗುವಾಗ ಮಸ್ಕಿ ಬಂದರೆ ನಾನು ಇನ್ನೊಂದು ಕಡೆಯ ಕಿಟಕಿ ನೋಡುತ್ತೇನೆ. ಗಿರಣಿ ಇದ್ದಲ್ಲಿ ಈಗ ಯಾರದೋ ಅಂಗಡಿ ಸಾಲು ಇದೆ. ತರಗತಿಯಲ್ಲಿ ಆ ನುಡಿಗಟ್ಟುಗಳ ಪಾಠ ಬರುತ್ತದೆ, ಬರದೇ ಎಲ್ಲಿ ಹೋಗುತ್ತದೆ. ಅರ್ಥ ಹೇಳಿ, ವಾಕ್ಯ ಬರೆಸಿ ಮುಂದಕ್ಕೆ ಹೋಗುತ್ತೇನೆ. ಹುಡುಗರಿಗೆ ಅದು ಪರೀಕ್ಷೆಗೆ ಬರುವ ಸಂಗತಿ, ಅಷ್ಟೇ ಆಗಿರಲಿ.

ಆಯಿ ಇನ್ನೂ ಕೆಲವು ವರ್ಷ ಇದ್ದಳು. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕ ದಿನ ಮೊದಲು ಓಡಿದ್ದು ಆಕೆಯ ಹತ್ತಿರವೇ. ಹಾಸಿಗೆ ಹಿಡಿದಿದ್ದಳು. ಹಳೆಯ ರೂಢಿ, ಬಗ್ಗಿ ಕಿವಿಯಲ್ಲಿ ಸಣ್ಣಗೆ, "ಆಯಿ, ಟೂ ಟೇಲ್ಸ್" ಎಂದೆ. ಬೆಳ್ಳುಳ್ಳಿ ವಾಸನೆಯ ಆ ಅಂಗೈ ಮೇಲೆದ್ದು, ನನ್ನ ಬಾಯಿಯವರೆಗೆ ಬಂದು, ಮುಚ್ಚದೆ ಗಲ್ಲ ಸವರಿ ಕೆಳಗಿಳಿಯಿತು. "ಕನ್ನಡದಾಗ ಅನ್ನವ್ವ" ಎಂದಳು. "ಜೋರಾಗೇ ಅನ್ನು. ಕೇಳಾವ್ರು ಯಾರೂ ಇಲ್ಲ."

ನಾನು ಬಾಯಿ ತೆರೆದೆ. ಕನ್ನಡದಲ್ಲಿ ಏನನ್ನಬೇಕೆಂದು ಆ ಮನೆಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.